ಕೊನೆಯ ಹದಿನಾರು ಪುಟ

ಚಿತ್ತಾಪುರ
18 ನವೆಂಬರ್ 2024

ಪ್ರೀತಿಯ ಜಬೀನಾ,

ಕಂಡಕ್ಟರ್ ಧರ್ಮಣ್ಣನವರ ಬಸ್ಸಿಗೆ ಇವತ್ತು ಮೂರು ಪುಸ್ತಕ ಕೊಟ್ಟು ಕಳಿಸಿದ್ದೇನೆ. ಸುಲೇಪೇಟ ಬಸ್‌ಸ್ಟ್ಯಾಂಡಿನ ಬಳೆ ಅಂಗಡಿಯಲ್ಲಿ ಚೀಲ ಇಳಿಸುತ್ತಾರೆ. ನಿನ್ನ ಹೆಸರು ಬರೆದ ಪೊಟ್ಟಣ ನೋಡಿ ತೆಗೆದುಕೋ. ನಿಮ್ಮೂರಲ್ಲಿ ಈಗ ನನ್ನ ಗ್ರಂಥಾಲಯದ ನಾಲ್ಕೈದು ಮಂದಿ ಓದುಗರಿದ್ದಾರೆ, ಪೊಟ್ಟಣ ಅದಲು ಬದಲಾದರೆ ನನ್ನ ತಲೆ ಕೆಡುತ್ತದೆ.

ಇವು ನೀನು ಇದುವರೆಗೆ ಓದಿದಂಥವಲ್ಲ. ಮುಂದೆಂದೋ ಬರುವ ಕಾಲದ ಕಥೆಗಳು, ನಿನ್ನ ವಯಸ್ಸಿನವರಿಗೆ ಬರೆದವು. ಎಲ್ಲದರಲ್ಲೂ ಒಂದು ಕೆಟ್ಟ ಸರ್ಕಾರ, ಒಂದು ಎತ್ತರದ ಗೋಡೆ, ಅದರೊಳಗೆ ಹದಿನಾರರ ಹುಡುಗಿ. ಯಾರೋ ಪುಣ್ಯಾತ್ಮರು ಐದು ಕಾದಂಬರಿ ದಾನ ಕೊಟ್ಟು ಹೋದರು. ಎರಡರ ಬೆನ್ನು ಕಿತ್ತು ಹೋಗಿ ಹಾಳೆ ಹಾಳೆಯಾಗಿದ್ದವು, ಶಹಾಬಾದಿನ ಮಶಾಕ ಚಾಚಾ ಹೊಸದಾಗಿ ಹೊಲಿದು ರಟ್ಟು ಹಾಕಿಕೊಟ್ಟಿದ್ದಾರೆ. ಅವುಗಳಲ್ಲಿ ಒಂದು ನಿನ್ನ ಪೊಟ್ಟಣದಲ್ಲಿದೆ.

ಬರುವ ಮೇ ತಿಂಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಇಲ್ಲಿ, ಬುದ್ಧ ವಿಹಾರದ ಪಕ್ಕದ ನನ್ನ ಕೋಣೆಯಲ್ಲಿ, ಓದುವ ಶಿಬಿರ ಮಾಡುತ್ತೇನೆ. ಯಾವ ಪುಸ್ತಕ ಮೊದಲು ಕೈಗಿಡಬೇಕು, ಯಾವುದು ಆಮೇಲೆ, ಯಾವುದು ಬೇಡ ಎಂದು ನೀನು ಹೇಳಬೇಕು. ನಲವತ್ತು ದಾಟಿದ ನನಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ನಮ್ಮ ನಿಯಮ ಗೊತ್ತಲ್ಲ, ಇಲ್ಲಿ ಚಂದಾ ಇಲ್ಲ, ಪುಸ್ತಕದ ಜೊತೆ ಒಂದು ಪತ್ರ ವಾಪಸ್ ಬರಬೇಕು. ಕಥೆಯ ಸಾರಾಂಶ ಬರೆದು ಹಾಳೆ ತುಂಬಿಸಬೇಡ. ಯಾರಿಗೆ ಕೊಡಬಹುದು, ಯಾಕೆ ಕೊಡಬಹುದು, ಅಷ್ಟು ಸಾಕು.

ನಿನ್ನ
ಲುಂಬಿನಿ ಅಕ್ಕ


ಸುಲೇಪೇಟ
9 ಡಿಸೆಂಬರ್ 2024

ಲುಂಬಿನಿ ಅಕ್ಕನವರಿಗೆ ಜಬೀನಾ ಮಾಡುವ ಸಲಾಮು.

ಎರಡು ಪುಸ್ತಕ ವಾಪಸ್ ಕಳಿಸಿದ್ದೇನೆ, ಒಂದು ಇನ್ನೂ ನನ್ನ ಹತ್ತಿರವಿದೆ.

ಮೊದಲು ‘ನೀರಿನ ಚೀಟಿ’. ಇದನ್ನು ಮುಂದಿನ ಕಾಲದ ಕಥೆ ಎಂದು ಯಾಕೆ ಕರೆದರೋ ತಿಳಿಯಲಿಲ್ಲ. ಅದರಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತದೆ, ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುತ್ತಾರೆ, ಜಗಳಾಡುತ್ತಾರೆ. ನಮ್ಮ ಓಣಿಗೆ ಬಂದು ಒಂದು ಬೆಳಿಗ್ಗೆ ನಿಂತಿದ್ದರೆ ಲೇಖಕರಿಗೆ ಮುನ್ನೂರು ಪುಟ ಬರೆಯುವ ಕಷ್ಟ ತಪ್ಪುತ್ತಿತ್ತು. ನಮ್ಮಮ್ಮನಿಗೆ ನಾಲ್ಕು ಪುಟ ಓದಿ ಹೇಳಿದೆ. ‘ಇದ್ರಾಗ ಹೊಸಾದೇನದ?’ ಅಂದಳು. ಆದರೂ ಮಕ್ಕಳಿಗೆ ಕೊಡಿ, ಬೇಗ ಓದಿಸಿಕೊಂಡು ಹೋಗುತ್ತದೆ. ನನ್ನ ಲೆಕ್ಕದಲ್ಲಿ ಎರಡನೆಯದು.

‘ಸಂಖ್ಯೆಗಳ ಶಾಲೆ’ ಬೇಡವೇ ಬೇಡ. ಮಕ್ಕಳಿಗೆ ಹೆಸರಿಲ್ಲ, ಬರೀ ನಂಬರು. ಹನ್ನೊಂದು ಅತ್ತಿತು, ನಲವತ್ತೆರಡು ಸಮಾಧಾನ ಮಾಡಿತು ಎಂದು ಬರೆದರೆ ಯಾರಿಗೆ ಅಳು ಬರಬೇಕು? ಇನ್ನೊಂದು ಮಾತು. ಈ ಕಾದಂಬರಿಗಳಲ್ಲಿ ಸರ್ಕಾರದವರು ಮೂವತ್ತು ಅಡಿ ಗೋಡೆ ಕಟ್ಟುತ್ತಾರೆ, ಒಂದು ಮೋರಿ ಮಾತ್ರ ಮುಚ್ಚುವುದಿಲ್ಲ. ಹುಡುಗಿಯರು ಸರ್ಕಾರ ಉರುಳಿಸಲು ಹೋಗುತ್ತಾರೆ, ಹಿಂದೆ ಅವರ ತಮ್ಮಂದಿರಿಗೆ ರೊಟ್ಟಿ ಬಡಿದು ಹಾಕುವವರು ಯಾರು ಎಂದು ಯಾರೂ ಬರೆಯುವುದಿಲ್ಲ.

ಮೂರನೆಯದು ‘ಎಂಟನೇ ಸೈರನ್’. ಇದು ಬೇರೆ. ದಿನಕ್ಕೆ ಏಳು ಸೈರನ್ ಕೂಗುವ ಊರು. ಇಳಾ ಎಂಬ ಹುಡುಗಿ ಗೋಡೆ ದಾಟಿ ಹೋಗಲು ಗುಟ್ಟಾಗಿ ತಯಾರಿ ಮಾಡಿರುತ್ತಾಳೆ. ಯಾರೋ ಮೇಲಿನವರಿಗೆ ಸುದ್ದಿ ಮುಟ್ಟಿಸುತ್ತಾರೆ, ಎಲ್ಲ ಹಾಳಾಗುತ್ತದೆ. ಮುಟ್ಟಿಸಿದವಳು ಅವಳ ಸ್ವಂತ ಗೆಳತಿ ರೇವಾ. ಇದು ಓದುವ ನಮಗೆ ಗೊತ್ತು, ಇಳಾಗೆ ಗೊತ್ತಿಲ್ಲ. ಒಂಬತ್ತನೇ ಅಧ್ಯಾಯಕ್ಕೆ ನಿಲ್ಲಿಸಿ ಹನ್ನೆರಡು ದಿನವಾಯಿತು. ರೇವಾಳಂಥವಳಿಗೆ ಈ ಪುಸ್ತಕ ಕೊನೆಗೆ ಏನು ಮಾಡುತ್ತದೆ ಎಂಬುದು ನನಗೆ ಬೇಕಾಗಿದೆ. ನೀವು ಮಾತ್ರ ಹೇಳಬೇಡಿ.

ಕಾಲೇಜು ನಡೆದಿದೆ. ನಾನೀಗ ಕಿಟಕಿಯ ಹತ್ತಿರದ ಬೆಂಚಿಗೆ ಬಂದಿದ್ದೇನೆ. ಮೊದಲು ಜೊತೆಗೆ ಕೂರುತ್ತಿದ್ದ ಗೆಳತಿ ಹಿಂದಿನ ಬೆಂಚಿನಲ್ಲೇ ಇದ್ದಾಳೆ.

ನಿಮ್ಮ
ಜಬೀನಾ


ಚಿತ್ತಾಪುರ
16 ಡಿಸೆಂಬರ್ 2024

ಪ್ರೀತಿಯ ಜಬೀನಾ,

ರೊಟ್ಟಿಯ ಮಾತು ಓದಿ ಒಬ್ಬಳೇ ನಕ್ಕೆ. ಶಿಬಿರದಲ್ಲಿ ಮಕ್ಕಳಿಗೆ ಇದನ್ನೇ ಮೊದಲ ಪ್ರಶ್ನೆಯಾಗಿ ಕೇಳುತ್ತೇನೆ, ಪ್ರಶ್ನೆ ನನ್ನದೇ ಎಂದು ಹೇಳಿಕೊಳ್ಳುತ್ತೇನೆ.

ಒಂಬತ್ತನೇ ಅಧ್ಯಾಯಕ್ಕೆ ಬಂದವರು ಸಾಮಾನ್ಯವಾಗಿ ಊಟ ಬಿಟ್ಟು ಮುಂದೆ ಓದುತ್ತಾರೆ. ನೀನು ಅಲ್ಲೇ ನಿಂತದ್ದು ನನಗೆ ಹೊಸದು. ಅವಸರವಿಲ್ಲ, ಪುಸ್ತಕ ನಿನ್ನ ಹತ್ತಿರವೇ ಇರಲಿ. ಬೆಂಚು ಯಾಕೆ ಬದಲಾಯಿತು ಎಂದು ಕೇಳುವುದಿಲ್ಲ. ಹೇಳಬೇಕೆನಿಸಿದರೆ ಹೇಳು.

ನಿನ್ನ
ಲುಂಬಿನಿ ಅಕ್ಕ


ಸುಲೇಪೇಟ
20 ಜನವರಿ 2025

ಲುಂಬಿನಿ ಅಕ್ಕನವರಿಗೆ ಸಲಾಮು.

‘ಎಂಟನೇ ಸೈರನ್’ ಮುಗಿಸಿದೆ. ಇದಕ್ಕೆ ಮೊದಲ ಸ್ಥಾನ. ಕಣ್ಣು ಮುಚ್ಚಿ ಕೊಡಿ.

ಕೊನೆಯಲ್ಲಿ ಸ್ವಲ್ಪ ತಡವರಿಸಬೇಕಾಗುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಸುರಂಗದಲ್ಲಿ ಓಡುತ್ತಿದ್ದ ಇಳಾ ಇದ್ದಕ್ಕಿದ್ದಂತೆ ಗಾಜಿನ ಬಾಗಿಲಿನಿಂದ ಹೊರಗೆ ಬರುತ್ತಾಳೆ, ಅಲ್ಲಿಂದ ಅವಳ ಹೆಸರು ತರು ಎಂದಾಗುತ್ತದೆ. ಮೊದಲು ಅಚ್ಚಿನ ತಪ್ಪು ಅಂದುಕೊಂಡೆ. ಆಮೇಲೆ ಹೊಳೆಯಿತು, ಗೋಡೆ ದಾಟಿದವರು ಹಳೆಯ ಹೆಸರು ಇಟ್ಟುಕೊಂಡರೆ ಸಿಕ್ಕಿಬೀಳುತ್ತಾರಲ್ಲ. ಲೇಖಕರು ಅದನ್ನು ಬಿಡಿಸಿ ಹೇಳದೆ ನಮ್ಮ ಬುದ್ಧಿಗೇ ಬಿಟ್ಟಿದ್ದಾರೆ. ತರು ಹಿಂದೆ ತಿರುಗಿ ನೋಡದೆ ಬಯಲಿನಲ್ಲಿ ನಡೆದು ಹೋಗುತ್ತಾಳೆ. ರೇವಾಳ ಮಾತೇ ಬರುವುದಿಲ್ಲ. ಅವಳು ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ, ಹೋಗುವವಳು ಹೋದಳು, ಅಷ್ಟೇ. ನನಗೆ ಮನಸ್ಸು ಎಷ್ಟು ಹಗುರವಾಯಿತೆಂದರೆ ಅವತ್ತು ಅಮ್ಮ ಹೇಳುವ ಮೊದಲೇ ಎಲ್ಲ ಬಟ್ಟೆ ಒಗೆದುಹಾಕಿದೆ.

ಹಗುರವಾದದ್ದಕ್ಕೇ ಇದನ್ನು ನಿಮಗೆ ಬರೆಯಲು ಧೈರ್ಯ ಬಂದಿದೆ. ಅಕ್ಕ, ನಾನೂ ರೇವಾನೇ. ನನ್ನ ಗೆಳತಿ ಓಡುವುದರಲ್ಲಿ ತಾಲ್ಲೂಕಿಗೇ ಮೊದಲಿದ್ದಳು. ಹೋದ ವರ್ಷ ಎಸ್ಸೆಸ್ಸೆಲ್ಸಿ ಆದ ಮೇಲೆ ಕಲಬುರಗಿಯಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ತಂದೆ ಒಪ್ಪುವುದಿಲ್ಲ ಎಂದು ಹೆದರಿ ಒಪ್ಪಿಗೆ ಪತ್ರದ ಮೇಲೆ ಅವರ ಸಹಿ ತಾನೇ ಹಾಕಿದಳು. ಅದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಹೋಗಿ ಅವಳ ಅವ್ವನಿಗೆ ಹೇಳಿದೆ. ಸುಳ್ಳು ಸಹಿ ತಪ್ಪು ಎಂಬ ಕಾರಣಕ್ಕೆ ಹೇಳಲಿಲ್ಲ. ಅವಳು ಹೋದರೆ ಬೆಂಚಿನಲ್ಲಿ ನಾನು ಒಬ್ಬಳೇ ಉಳಿಯುತ್ತೇನೆ ಎಂಬ ಹೆದರಿಕೆಗೆ ಹೇಳಿದೆ. ಆ ಕಾರಣ ಅವ್ವನಿಗೆ ಹೇಳಲಿಲ್ಲ, ನನ್ನ ಮನಸ್ಸಿಗಷ್ಟೇ ಗೊತ್ತು. ಅವ್ವ ಆ ಪತ್ರ ಒಲೆಗೆ ಹಾಕಿದಳು. ಗೆಳತಿ ಅವತ್ತಿನಿಂದ ಓಡುವುದು ಬಿಟ್ಟಿದ್ದಾಳೆ. ಯಾರು ಹೇಳಿದರೆಂದು ಅವಳಿಗೆ ಗೊತ್ತಿಲ್ಲ, ಪತ್ರ ನೋಡಿದ್ದ ಪಿ.ಟಿ. ಸರ್ ಮೇಲೆ ಅನುಮಾನ. ಅವಳ ಮುಖ ನೋಡಲಾಗದೆ ನಾನೇ ಬೆಂಚು ಬದಲಿಸಿದೆ.

ಈಗ ಪುಸ್ತಕವೇ ಹೇಳಿದ ಹಾಗಾಯಿತು. ಹೇಳದೆ ಉಳಿದರೂ ನಡೆಯುತ್ತದೆ.

ನಿಮ್ಮ
ಜಬೀನಾ


ಚಿತ್ತಾಪುರ
3 ಫೆಬ್ರವರಿ 2025

ಪ್ರೀತಿಯ ಜಬೀನಾ,

ನಿನ್ನ ಪತ್ರ ಎರಡು ಸಲ ಓದಿದೆ. ನೀನು ಓದಿದ್ದು ಯಾವ ಪುಸ್ತಕ ತಾಯಿ? ನಾನು ರಟ್ಟು ಹಾಕಿಸುವ ಮೊದಲೇ ಹಾಳೆ ಜೋಡಿಸಿಕೊಂಡು ‘ಎಂಟನೇ ಸೈರನ್’ ಪೂರ್ತಿ ಓದಿದ್ದೇನೆ. ಅದರಲ್ಲಿ ಇಳಾ ಕೊನೆಯವರೆಗೂ ಇಳಾ. ಗಾಜಿನ ಬಾಗಿಲು ಅದರಲ್ಲಿ ಇಲ್ಲವೇ ಇಲ್ಲ.

ಪತ್ರದ ಜೊತೆ ಬಂದ ಪುಸ್ತಕ ಬಿಚ್ಚಿ ನೋಡಿದೆ. ಕೊನೆಯ ಹದಿನಾರು ಪುಟ ‘ಗಾಜಿನ ಊರು’ ಎಂಬ ಇನ್ನೊಂದು ಕಾದಂಬರಿಯದು. ಅದರ ನಾಯಕಿ ತರು. ಶನಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗಿ ಮಶಾಕ ಚಾಚಾನ ಮುಂದೆ ಪುಸ್ತಕ ಇಟ್ಟೆ. ಪಾಪ, ಅವರು ಎರಡನ್ನೂ ಒಂದೇ ದಿನ ಬಿಚ್ಚಿ ಹಾಸಿದ್ದರಂತೆ. ಒಂದೇ ಅಳತೆ, ಒಂದೇ ಕಾಗದ, ಎರಡರಲ್ಲೂ ಹದಿನಾರು ಪುಟದ ಕೊನೆಯ ಕಟ್ಟು ಅದೇ ಪುಟಸಂಖ್ಯೆಯಿಂದ ಶುರು. ಓದಿ ನೋಡದೆ ಹೊಲಿದಿರಾ ಎಂದರೆ ಅವರಿಗೆ ಸ್ವಲ್ಪ ಸಿಟ್ಟೇ ಬಂತು. ‘ಓದೇ ಹೊಲದೀನಿ ಬೇಟಾ. ಈ ಹಾಳ್ಯಾಗ ಹುಡುಗಿ ಓಡಾಕತ್ತಾಳ, ಆ ಹಾಳ್ಯಾಗೂ ಹುಡುಗಿ ಓಡಾಕತ್ತಾಳ. ಇಲ್ಲೂ ಗ್ವಾಡಿ, ಅಲ್ಲೂ ಗ್ವಾಡಿ. ಮಾತಿಗಿ ಮಾತು ಕೂಡೇದ, ನಾ ಏನ್ ಮಾಡ್ಲಿ?’ ಅಂದರು. ಅವರನ್ನು ಬೈಯುವ ಮುಖ ನನಗಿರಲಿಲ್ಲ. ಎಲ್ಲವೂ ಒಂದೇ ಥರ ಎಂದು ನಾನೇ ನಿನಗೆ ಬರೆದಿದ್ದೆನಲ್ಲ.

ಹಾಗಾದರೆ ನಿನ್ನ ಪುಸ್ತಕದ ನಿಜವಾದ ಕೊನೆ ‘ಗಾಜಿನ ಊರು’ ಪುಸ್ತಕದ ಬೆನ್ನಿಗೆ ಅಂಟಿಕೊಂಡಿದೆ. ಅದು ಡಿಸೆಂಬರಿನಿಂದ ನಿಮ್ಮೂರಿನ ಜಗದೇವಿ ಎಂಬ ಹುಡುಗಿಯ ಹತ್ತಿರವಿದೆ. ಹೋದ ತಿಂಗಳು ಅವಳು ಬರೆದ ಚೀಟಿ ಈಗ ಅರ್ಥವಾಯಿತು: ‘ಪುಸ್ತಕ ಚೆನ್ನಾಗಿದೆ, ಕೊನೆಯ ಅಧ್ಯಾಯ ತಿಳಿಯಲಿಲ್ಲ. ಮೊದಲಿನಿಂದ ಎಲ್ಲೂ ಇಲ್ಲದ ರೇವಾ ಎಂಬುವಳು ಬಂದು, ನಿನ್ನ ಸುದ್ದಿ ಮುಟ್ಟಿಸಿದವಳು ನಾನೇ ಎನ್ನುತ್ತಾಳೆ. ಯಾರವಳು? ಆದರೂ ಅದನ್ನೇ ನಾಲ್ಕು ಸಲ ಓದಿದೆ. ಪುಸ್ತಕ ಇನ್ನೊಂದಿಷ್ಟು ದಿನ ಇರಲಿ.’

ಹೌದು ಜಬೀನಾ, ರೇವಾ ಹೇಳುತ್ತಾಳೆ. ಇಳಾ ಏನೆನ್ನುತ್ತಾಳೆ ಎಂದು ನಾನು ಬರೆಯುವುದಿಲ್ಲ. ‘ಎಂಟನೇ ಸೈರನ್’ ಮತ್ತೆ ಕಳಿಸಿದ್ದೇನೆ, ಜಗದೇವಿಯ ಮನೆಗೆ ಹೋಗಿ ಕೊನೆ ಓದಿಕೋ. ಅವಳಿಗೂ ತನ್ನ ಕೊನೆ ಸಿಗಲಿ.

ಇನ್ನು ನಿನ್ನ ಮಾತು. ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀನು ಬರೆದದ್ದಕ್ಕೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಹೊಲಿಗೆ ತಪ್ಪಿದ ಪುಸ್ತಕ ನೋಡಿ ನೀನು ಸುಮ್ಮನಿರಲು ನಿರ್ಧರಿಸಿದೆ. ಹೊಲಿಗೆ ಸರಿಯಾದ ಪುಸ್ತಕ ನೋಡಿ ಮಾತಾಡಬೇಕೆಂದೂ ಇಲ್ಲ. ನಿನಗೇ ಏನನಿಸುತ್ತದೆ ಎಂದು ಯೋಚಿಸು.

ನಿನ್ನ
ಲುಂಬಿನಿ ಅಕ್ಕ


ಚಿತ್ತಾಪುರ
10 ಮಾರ್ಚ್ 2025

ಪ್ರೀತಿಯ ಜಬೀನಾ,

ಐದು ವಾರವಾಯಿತು. ಪೊಟ್ಟಣ ಮೂರು ದಿನ ಬಳೆ ಅಂಗಡಿಯಲ್ಲೇ ಇತ್ತು, ಆಮೇಲೆ ನೀನೇ ಬಂದು ಒಯ್ದೆ ಎಂದು ಧರ್ಮಣ್ಣ ಹೇಳಿದರು. ಪರೀಕ್ಷೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಸದಸ್ಯರ ಕಾರ್ಡುಗಳನ್ನು ಸರಿಯಾಗಿ ಜೋಡಿಸುತ್ತಿದ್ದೆ. ಜಗದೇವಿಯ ಕಾರ್ಡಿನಲ್ಲಿ ಹವ್ಯಾಸ ಎಂಬಲ್ಲಿ ‘ಓಟ’ ಎಂದು ಬರೆದು, ಅದರ ಮೇಲೆ ಒಂದು ಗೀಟು ಎಳೆದಿದೆ. ನೀನು ಬರೆದ ಗೆಳತಿ ಇವಳೇ ಎಂದು ಆಗ ಹೊಳೆಯಿತು. ಅವಳ ಹೆಸರು ನೀನು ಬರೆದಿರಲಿಲ್ಲ, ನಿಜ. ಆದರೆ ನಿಮ್ಮೂರಿನ ಇನ್ನೊಬ್ಬ ಹುಡುಗಿ ಎಂದ ಕೂಡಲೇ ನಾನು ವಿಚಾರ ಮಾಡಬೇಕಿತ್ತು. ಅವಳ ಮನೆಗೆ ಹೋಗಿ ಓದಿಕೋ ಎಂದು, ಅಂಗಡಿಗೆ ಹೋಗಿ ಉಪ್ಪು ತಾ ಎಂದಷ್ಟು ಸುಲಭವಾಗಿ ಬರೆದುಬಿಟ್ಟೆ. ತಪ್ಪಾಯಿತು.

ದಾನ ಕೊಟ್ಟವರನ್ನು ಹುಡುಕಿ, ಅವರ ಗೆಳೆಯರ ಪ್ರತಿಯಿಂದ ಆ ಹದಿನಾರು ಪುಟಗಳ ಝೆರಾಕ್ಸ್ ತರಿಸಿದ್ದೇನೆ. ಜೊತೆಗಿರುವ ಲಕೋಟೆಯಲ್ಲಿದೆ. ನೀನು ಯಾರ ಮನೆಗೂ ಹೋಗಬೇಕಾಗಿಲ್ಲ, ಕೊನೆ ಏನೆಂದು ಕೂತಲ್ಲೇ ಓದಬಹುದು. ಜಗದೇವಿಗೆ ನಾನು ಒಂದು ಮಾತನ್ನೂ ಬರೆದಿಲ್ಲ, ಬರೆಯುವುದೂ ಇಲ್ಲ.

ನಿನ್ನ
ಲುಂಬಿನಿ ಅಕ್ಕ


ಸುಲೇಪೇಟ
24 ಮಾರ್ಚ್ 2025

ಲುಂಬಿನಿ ಅಕ್ಕನವರಿಗೆ ಸಲಾಮು.

ಲಕೋಟೆ ತೆರೆಯದೆ ವಾಪಸ್ ಕಳಿಸುತ್ತಿದ್ದೇನೆ, ಸಿಟ್ಟಾಗಬೇಡಿ. ಒಂದು ವಾರ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಓದಿದರೆ ಇಳಾ ಏನೆಂದಳು ಎಂದು ತಿಳಿಯುತ್ತದೆ, ಜಗದೇವಿ ಏನೆನ್ನುತ್ತಾಳೆ ಎಂದು ತಿಳಿಯುವುದಿಲ್ಲ. ರಂಜಾನ್ ತಿಂಗಳ ರೋಜಾ ನಡೆದಿವೆ. ಹೊಟ್ಟೆ ಖಾಲಿ ಇದ್ದಾಗ ಮನಸ್ಸಿನಲ್ಲಿ ಇರುವುದು ಇನ್ನೂ ಭಾರವಾಗುತ್ತದೆ. ಶುಕ್ರವಾರ ಮಧ್ಯಾಹ್ನ ಎದ್ದು ಅವರ ಮನೆಗೆ ಹೋದೆ.

ಜಗದೇವಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಒಂದು ವರ್ಷದ ನಂತರ ಹೋಗಿದ್ದೆ, ಆದರೂ ಏಳಲಿಲ್ಲ, ಮೊರ ಮಾತ್ರ ನಿಲ್ಲಿಸಿದಳು. ಅವಳ ಅವ್ವ ಸಾಬಮ್ಮ ಒಳಗಿನಿಂದ ನೀರು ತಂದು, ರೋಜಾ ಇರಬೇಕೆಂದು ನೆನಪಾಗಿ ತಂಬಿಗೆ ಹಿಂದೆ ಒಯ್ದಳು. ನಾನು ಪುಸ್ತಕದ ಮಾತು ಹೇಳಿದೆ. ಜಗದೇವಿ ತನ್ನ ಪುಸ್ತಕ ತಂದಳು, ನನ್ನ ಕೈಗೆ ಮಾತ್ರ ಕೊಡಲಿಲ್ಲ. ‘ಮೊದಲ ಆ ರೇವಾ ಯಾರಂತ ಹೇಳು. ಮೂರು ತಿಂಗಳಿಂದ ತಲಿ ಕೆಟ್ಟದ’ ಅಂದಳು.

ನಾನು ಹೇಳತೊಡಗಿದೆ. ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದದ್ದು, ಇಳಾ ಗುಟ್ಟು ಹೇಳಿದ್ದು, ರೇವಾ ಹೋಗಿ ಸುದ್ದಿ ಮುಟ್ಟಿಸಿದ್ದು. ಜಗದೇವಿ ಜೋಳ ಆರಿಸುತ್ತಲೇ ಕೇಳುತ್ತಿದ್ದಳು. ಅವಳು ಯಾಕೆ ಮುಟ್ಟಿಸಿದಳು ಎಂದು ಕೇಳಿದಳು.

‘ಇಳಾ ಹೋದರ ತಾ ಒಬ್ಬಾಕಿನೇ ಉಳೀತೀನಿ ಅಂತ ಅಂಜಿ’ ಅಂದೆ.

ಜಗದೇವಿ ತಲೆ ಎತ್ತಿದಳು. ‘ಸುಳ್ಳು. ರೊಟ್ಟಿ ಸಲುವಾಗಿ ಅಂತ ಅದ. ತನಗ ಎರಡು ರೊಟ್ಟಿ ಹೆಚ್ಚಿಗಿ ಕೊಟ್ರು ಅಂತ ರೇವಾನೇ ಹೇಳ್ತಾಳ. ನಾಲ್ಕು ಸಲ ಓದೀನಿ.’

ಅಕ್ಕ, ಪುಸ್ತಕದಲ್ಲಿ ಒಂಬತ್ತನೇ ಅಧ್ಯಾಯದಲ್ಲೂ ರೊಟ್ಟಿಯ ಮಾತು ಬರುತ್ತದೆ, ಅವಳು ಹೇಳಿದಾಗ ನೆನಪಾಯಿತು. ನಾನು ಅದನ್ನು ಓದಿಯೂ ಓದಿರಲಿಲ್ಲ. ರೇವಾಳ ಬಾಯಿಗೆ ನನ್ನ ಕಾರಣ ಹಾಕಿಕೊಂಡು ಓದಿದ್ದೆ. ಜಗದೇವಿ ನನ್ನನ್ನು ನೋಡುತ್ತಲೇ ಇದ್ದಳು. ಇನ್ನು ಹಿಂದೆ ಹೋಗಲು ದಾರಿ ಇರಲಿಲ್ಲ.

‘ಒಪ್ಪಿಗಿ ಪತ್ರದ ಮಾತ ನಿಮ್ಮವ್ವನ ಮುಂದ ಹೇಳಿದಾಕಿ ನಾನು’ ಅಂದೆ.

ಅವಳು ಮೊರದಲ್ಲಿದ್ದ ಜೋಳ ಪೂರ್ತಿ ಹಸನು ಮಾಡಿ ಡಬ್ಬಿಗೆ ಸುರಿದಳು. ನಾನು ಅಷ್ಟು ಹೊತ್ತು ನಿಂತೇ ಇದ್ದೆ. ಕೊನೆಗೆ ಅಂದಳು, ‘ಅವ್ವ ಒಳಗ ಅದಾಳ. ಅವತ್ತ ಹೋಗಿ ಹೇಳಿದ್ಯಲ್ಲ, ಇವತ್ತೂ ಹೋಗಿ ಹೇಳು.’

‘ಏನಂತ ಹೇಳ್ಲಿ?’

‘ಓಡಾಕ ಕಳಸು ಅಂತ ಹೇಳು.’

ಒಳಗೆ ಹೋದೆ. ಎಲ್ಲ ಹೇಳಿದೆ, ನಾನು ಅವತ್ತು ಯಾಕೆ ಬಂದಿದ್ದೆ ಎಂಬುದನ್ನೂ ಸೇರಿಸಿ. ಸಾಬಮ್ಮ ನನಗಲ್ಲ, ಪಡಸಾಲೆಗೆ ಕೇಳುವ ಹಾಗೆ ಅಂದಳು, ‘ಸಹಿ ಖೊಟ್ಟಿ ಇತ್ತು, ಅವರಪ್ಪ ನೋಡಿದ್ರ ರಾದ್ಧಾಂತ ಆಗ್ತದಂತ ಒಲ್ಯಾಗ ಹಾಕಿದೆ. ಓಡಬ್ಯಾಡ ಅಂತ ನಾ ಎಂದ ಅಂದೀನಿ?’

ಹೊರಗೆ ಬಂದಾಗ ಜಗದೇವಿ ಪಡಸಾಲೆಯಲ್ಲಿ ಇರಲಿಲ್ಲ. ಪುಸ್ತಕವೂ ಇರಲಿಲ್ಲ. ನನ್ನ ‘ಎಂಟನೇ ಸೈರನ್’ ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಬಂದಿದ್ದೇನೆ. ಇಳಾ ಏನೆಂದಳು ಎಂದು ಇನ್ನೂ ಗೊತ್ತಿಲ್ಲ.

ನಿಮ್ಮ
ಜಬೀನಾ


ಸುಲೇಪೇಟ
28 ಏಪ್ರಿಲ್ 2025

ಲುಂಬಿನಿ ಅಕ್ಕನವರಿಗೆ ಜಗದೇವಿಯ ನಮಸ್ಕಾರಗಳು.

ಎರಡೂ ಪುಸ್ತಕ ಈ ಬಸ್ಸಿಗೆ ಕಳಿಸಿದ್ದೇನೆ. ತಡವಾದದ್ದಕ್ಕೆ ಕ್ಷಮಿಸಿ. ನಿಯಮದಂತೆ ಪತ್ರ ಬರೆಯಬೇಕು, ನನಗೆ ಜಬೀನಾನ ಹಾಗೆ ಚಂದ ಬರೆಯಲು ಬರುವುದಿಲ್ಲ.

ಶಿಬಿರಕ್ಕೆ ‘ಎಂಟನೇ ಸೈರನ್’ ಮೊದಲು ಕೊಡಿ. ‘ಗಾಜಿನ ಊರು’ ಬರೆದವರು ಓಡುವುದನ್ನು ಇದಕ್ಕಿಂತ ಚೆನ್ನಾಗಿ ಬರೆದಿದ್ದಾರೆ, ಉಸಿರು ಎಲ್ಲಿ ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿದೆ. ಆದರೆ ಅದರ ತರುಗೆ ಗೆಳತಿಯರೇ ಇಲ್ಲ. ಹಿಂದೆ ತಿರುಗಿ ನೋಡದೆ ಹೋಗುವುದು ಅಂಥವಳಿಗೆ ಸುಲಭ. ಒಂಬತ್ತನೆಯವರಿಗೆ ಎರಡನ್ನೂ ಕೊಡಿ, ಒಬ್ಬೊಬ್ಬರಿಗೆ ಒಂದಲ್ಲ, ಇಬ್ಬಿಬ್ಬರಿಗೆ ಎರಡು. ಮಶಾಕ ಚಾಚಾಗೆ ಹೊಲಿಗೆ ಬಿಚ್ಚಲು ಹೇಳಬೇಡಿ, ಹೀಗೇ ಇರಲಿ. ಕೊನೆ ಬೇಕಾದವರು ಎದ್ದು ಇನ್ನೊಬ್ಬರ ಹತ್ತಿರ ಹೋಗಲಿ.

ಅವ್ವ ಎಲ್ಲ ಹೇಳಿದ ಮೇಲೆ ಅಪ್ಪ ಎಂಟು ದಿನ ಮಾತಾಡಲಿಲ್ಲ, ಒಂಬತ್ತನೇ ದಿನ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಅವರ ಸಹಿ ನಾನು ಹಾಕಿದ್ದಕ್ಕಿಂತ ಕೆಟ್ಟದಾಗಿದೆ. ಪಿ.ಟಿ. ಸರ್‌ಗೆ ಒಂದು ವರ್ಷ ನಮಸ್ಕಾರ ಮಾಡಿರಲಿಲ್ಲ, ಹೋಗಿ ಮಾಡಿ ಬಂದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ಆಯ್ಕೆ ಮೇ ಹದಿನೇಳಕ್ಕೆ ಇದೆ. ಒಂದು ವರ್ಷ ಕೂತ ಕಾಲು, ಆಯ್ಕೆಯಾಗುತ್ತೇನೋ ಇಲ್ಲವೋ ಗೊತ್ತಿಲ್ಲ.

ಜಬೀನಾನ ಮೇಲೆ ನನಗೆ ಸಿಟ್ಟಿದೆ. ಹೇಳಿದ್ದಕ್ಕೆ ಅಲ್ಲ, ಹೇಳಿ ಬೆಂಚು ಬಿಟ್ಟು ಹೋದದ್ದಕ್ಕೆ. ನಾನು ಓಡುವುದು ಬಿಟ್ಟೆನೆಂದು ಅವಳಿಗೆ ನಾನು ಬೇಡವಾದೆ ಅಂದುಕೊಂಡಿದ್ದೆ. ಇಳಾ ರೇವಾಗೆ ಏನು ಹೇಳಿದಳು ಎಂದು ಅವಳು ಕೇಳಿಲ್ಲ, ನಾನೂ ಹೇಳಿಲ್ಲ.

ಬೆಳಿಗ್ಗೆ ಐದೂವರೆಗೆ ಕೆರೆ ಏರಿಯ ಮೇಲೆ ಓಡುತ್ತೇನೆ. ಮೊದಲ ದಿನ ತಿರುಗಿ ಬರುವಾಗ ನೋಡಿದರೆ, ಆ ತುದಿಯ ಕಲ್ಲಿನ ಮೇಲೆ ಅವಳು ಕೂತಿದ್ದಳು, ಕೈಯಲ್ಲಿ ಅವರ ಅಬ್ಬಾನ ಗಡಿಯಾರ. ನಾನು ಹೋಗು ಎನ್ನಲಿಲ್ಲ. ಟೈಮ್ ಒಂದು ಹೇಳು, ಬೇರೆ ಏನೂ ಮಾತಾಡಬೇಡ ಎಂದೆ. ಇವತ್ತಿಗೆ ಇಪ್ಪತ್ತೆರಡು ದಿನವಾಯಿತು. ದಿನಾ ಬರುತ್ತಾಳೆ, ಟೈಮ್ ಹೇಳುತ್ತಾಳೆ. ಒಂದು ಸೆಕೆಂಡ್ ಕೂಡ ಕಡಿಮೆ ಮಾಡಿ ಹೇಳಿಲ್ಲ.

ನಿಮ್ಮ
ಜಗದೇವಿ